ಬೆಣ್ಣೆಹಳ್ಳ ಎಲ್ಲಿ ಸೇರುತ್ತದೆ

ದಾನವ್ವನ ಸೀಟು ಹದಿನಾಲ್ಕು, ನನ್ನದು ಹದಿನೈದು. ನಡುವೆ ಒಂದು ಪ್ಲೈವುಡ್ ಹಲಗೆ. ಮತ್ತಿಕೆರೆಯ ಮಹೇಂದ್ರಣ್ಣನ ರೀಡಿಂಗ್ ರೂಮಿನಲ್ಲಿ ಇಂಥ ನಲವತ್ತು ಗೂಡುಗಳಿವೆ. ಒಂದೊಂದರಲ್ಲಿ ಒಂದು ಕುರ್ಚಿ, ಒಂದು ಟ್ಯೂಬ್‌ಲೈಟು, ಫೋನ್ ಚಾರ್ಜಿಗೆ ಒಂದು ಪಾಯಿಂಟು. ಒಳಗೆ ಮಾತಾಡುವಂತಿಲ್ಲ. ಕೆಮ್ಮು ಬಂದರೂ ಎದ್ದು ಮೆಟ್ಟಿಲಿಗೆ ಹೋಗಬೇಕು. ಮಹೇಂದ್ರಣ್ಣನ ತಾತನ ಕಾಲದಲ್ಲಿ ಆ ಜಾಗದಲ್ಲಿ ದನದ ಕೊಟ್ಟಿಗೆ ಇತ್ತಂತೆ. "ಆವಾಗ ಹಸುಗಳು, ಈವಾಗ ನೀವು. ಹಸುಗಳು ಹಾಲಾದ್ರೂ ಕೊಡ್ತಿದ್ವು ಕಣ್ರೋ" ಎಂದು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದ.

ನಾವೆಲ್ಲ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು. ಬಾಗಲಕೋಟೆ, ಗದಗ, ವಿಜಯಪುರ, ಕೊಪ್ಪಳದವರೇ ಹೆಚ್ಚು. ನಾನು ಜಮಖಂಡಿಯವನು. ನನಗೆ ಇಪ್ಪತ್ತೇಳು. ಯಶವಂತಪುರದ ಕಡೆ ನಮ್ಮ ಸಮಾಜದ ಹಾಸ್ಟೆಲಿನಲ್ಲಿ ಮಲಗುವುದು, ಬೆಳಿಗ್ಗೆ ನಡೆದು ಮತ್ತಿಕೆರೆಗೆ ಬಂದು ಓದುವುದು. ಹೀಗೇ ನಾಲ್ಕು ವರ್ಷ ಕಳೆದಿದ್ದವು.

ದಾನವ್ವ ರೋಣ ತಾಲೂಕಿನವಳು. ಮೂವತ್ತೇಳು ವರ್ಷ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬಿ.ಎಸ್ಸಿ. ಓದಿದ್ದಳು. ಹತ್ತಿರದ ಒಂದು ಖಾಸಗಿ ಕಾಲೇಜಿನ ಲ್ಯಾಬಿನಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದಳು. ಕೆಲಸವೆಂದರೆ ಟೆಸ್ಟ್ ಟ್ಯೂಬ್ ತೊಳೆಯುವುದು, ಆಸಿಡ್ ಬಾಟಲಿಗಳಿಗೆ ಚೀಟಿ ಅಂಟಿಸುವುದು, ಹುಡುಗರು ಒಡೆದ ಗಾಜು ಗುಡಿಸುವುದು. ಸಂಜೆ ನಾಲ್ಕೂವರೆಗೆ ಬಿಟ್ಟರೆ ಐದಕ್ಕೆ ಹದಿನಾಲ್ಕನೇ ಗೂಡಿನಲ್ಲಿರುತ್ತಿದ್ದಳು. ಮಗಳು ಕೀರ್ತಿ ಊರಲ್ಲಿ ಅಜ್ಜಿಯ ಹತ್ತಿರ ಎಂಟನೇ ತರಗತಿ ಓದುತ್ತಿದ್ದಳು.

ಆ ವರ್ಷ ಸರ್ಕಾರಿ ಪ್ರಯೋಗಾಲಯ ಸಹಾಯಕರ ನಲವತ್ತೆರಡು ಹುದ್ದೆಗೆ ಪರೀಕ್ಷೆ ನಡೆಯಿತು. ದಾನವ್ವನಿಗೆ ಅದು ಕೊನೆಯದು. ಅವಳ ವರ್ಗಕ್ಕೆ ಮೂವತ್ತೆಂಟರವರೆಗೆ ಅವಕಾಶ. ಇನ್ನೆರಡು ತಿಂಗಳಿಗೆ ಅದು ತುಂಬುತ್ತಿತ್ತು. ಕೆಲಸ ಸಿಕ್ಕರೆ ಮಗಳನ್ನು ಕರೆತರುವುದೆಂದು ಚಿಕ್ಕಬಾಣಾವರದ ಸ್ಟೇಷನ್ ಹತ್ತಿರ ಒಂದು ಮನೆ ನೋಡಿ ಬಂದಿದ್ದಳು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. "ಕಲ್ಲು ಐತಿ ತಮ್ಮಾ, ಬೆಂಗಳೂರಾಗ ಒಗಿಯೂ ಕಲ್ಲಿನ ಮನಿ ಸಿಗತಾವೇನು?" ಎಂದು ಎರಡು ಸಲ ಹೇಳಿದ್ದಳು.

ನಾನು ಅವಳಿಗೆ ಅಕ್ಕಾ ಎನ್ನುತ್ತಿದ್ದೆ. ಅವಳು ನನಗೆ ತಮ್ಮಾ ಎನ್ನುತ್ತಿದ್ದಳು. ಸಂಜೆ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಅವಳ ಡಬ್ಬಿಯಿಂದ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದೆ. ಎರಡು ವರ್ಷ ತಿಂದಿದ್ದೇನೆ.

ಇನ್ನು ಬಳಗದ ವಿಷಯ ಹೇಳಬೇಕು. ಟೆಲಿಗ್ರಾಂನಲ್ಲಿ ನಮ್ಮ ಕಡೆಯ ಸ್ಪರ್ಧಾರ್ಥಿಗಳದೊಂದು ಬಳಗವಿದೆ. ಎರಡು ಸಾವಿರದ ಮುನ್ನೂರು ಜನ. ಅಲ್ಲಿ ನಾನು ಸಿದ್ದಲಿಂಗ ಅಲ್ಲ, ಸಿದ್ದು ಸರ್. ನಾನು ಯಾರಿಗೂ ಪಾಠ ಮಾಡಿದವನಲ್ಲ. ಒಂದು ಪರೀಕ್ಷೆಯನ್ನೂ ಪಾಸು ಮಾಡಿದವನಲ್ಲ. ಆದರೆ ಯಾರಾದರೂ ತಪ್ಪು ಉತ್ತರ ಹಾಕಿದರೆ ಸುಮ್ಮನೆ ಬಿಡುತ್ತಿರಲಿಲ್ಲ. ಒಮ್ಮೆ ಕಲಬುರಗಿಯ ಹುಡುಗನೊಬ್ಬ ರಾಜ್ಯಸಭೆ, ವಿಧಾನ ಪರಿಷತ್ತಿನ ನಡುವೆ ಗೊಂದಲ ಮಾಡಿಕೊಂಡ. "ವಿಳಾಸ ಕಳಿಸು, ಆರನೇ ಕ್ಲಾಸಿನ ಪುಸ್ತಕ ಕೊರಿಯರ್ ಮಾಡ್ತೀನಿ" ಎಂದು ಬರೆದೆ. ಇನ್ನೂರು ಜನ ನಕ್ಕರು. ಆ ಹುಡುಗ ಮತ್ತೆ ಬಳಗದಲ್ಲಿ ಬಾಯಿ ಬಿಡಲಿಲ್ಲ. ಹಾಸ್ಟೆಲಿನಲ್ಲಿ ನನ್ನ ತಟ್ಟೆಗೆ ಸಾರು ಹಾಕುವವನಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಬಳಗದಲ್ಲಿ ನಾನು ಬರೆಯತೊಡಗಿದರೆ ಜನ ಕಾಯುತ್ತಿದ್ದರು.

ಪರೀಕ್ಷೆ ಮುಗಿದ ಮೇಲೆ ನೇಮಕಾತಿ ಮಂಡಳಿ ಕೀ ಉತ್ತರ ಬಿಡುತ್ತದೆ. ಅದರಲ್ಲಿ ತಪ್ಪಿದ್ದರೆ ನಾವು ಆಕ್ಷೇಪಣೆ ಹಾಕಬೇಕು. ಪುರಾವೆ ಬೇಕು. ಅಧಿಕೃತ ಪುಸ್ತಕದ ಮುಖಪುಟ, ಒಳಗಿನ ಪುಟ, ಎರಡರ ಪ್ರತಿ. ಇಂಟರ್ನೆಟ್ಟಿನ ಪ್ರಿಂಟು ನಡೆಯುವುದಿಲ್ಲ. ಯಾವ ಪ್ರಶ್ನೆಗೆ ಆಕ್ಷೇಪಣೆ ಹಾಕಬೇಕೆಂಬ ಪಟ್ಟಿಯನ್ನು ನಮ್ಮ ಬಳಗದಲ್ಲಿ ಮಾಡುವವನು ನಾನು. ಪಟ್ಟಿಯಲ್ಲಿದ್ದರೆ ಪುರಾವೆ ಹುಡುಕುವುದನ್ನು ಹಂಚಿಕೊಂಡು ನೂರಾರು ಜನ ಹಾಕುತ್ತಿದ್ದರು. ಪಟ್ಟಿಯಲ್ಲಿಲ್ಲದ ಪ್ರಶ್ನೆಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಕೀ ಬಂದದ್ದು ಗುರುವಾರ. ಸೋಮವಾರ ಸಂಜೆ ಐದೂವರೆಯವರೆಗೆ ಅವಕಾಶ. ಶುಕ್ರವಾರ ನಾನು ಪಟ್ಟಿ ಹಾಕಿದೆ. ಏಳು ಪ್ರಶ್ನೆಗಳು. ಕೆಳಗೆ, ಉಳಿದವು ಸರಿ ಇವೆ, ಸುಮ್ಮನೆ ಗದ್ದಲ ಬೇಡ ಎಂದು ಬರೆದೆ.

ಅರವತ್ತೆಂಟನೇ ಪ್ರಶ್ನೆ ಹೀಗಿತ್ತು: ಬೆಣ್ಣೆಹಳ್ಳವು ಯಾವ ನದಿಯನ್ನು ಸೇರುತ್ತದೆ? ಕೀಯಲ್ಲಿ ವರದಾ ಎಂದಿತ್ತು. ನಾನು ಓದಿದ ಗೈಡಿನಲ್ಲೂ ವರದಾ ಎಂದೇ ಇತ್ತು. ಪರೀಕ್ಷೆ ಮುಗಿದ ದಿನವೇ ನಾನು ಬಳಗದಲ್ಲಿ ಹಾಕಿದ ಉತ್ತರಗಳಲ್ಲೂ ವರದಾ.

ಆರು ಗಂಟೆಯ ಹೊತ್ತಿಗೆ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ದಾನಕ್ಕ ಎದ್ದು ಮೆಟ್ಟಿಲಿಗೆ ಹೋದಳು. ಅವಳಿಗೆ ಫೋನಿನಲ್ಲಿ ಕನ್ನಡ ಟೈಪು ಮಾಡುವುದು ನಿಧಾನ. ಏನಾದರೂ ಹೇಳಬೇಕಾದರೆ ಧ್ವನಿ ಸಂದೇಶ ಕಳಿಸುತ್ತಿದ್ದಳು. ಎರಡು ನಿಮಿಷಕ್ಕೆ ಅದು ಬಳಗಕ್ಕೆ ಬಂತು. ನಾನು ಇಯರ್‌ಫೋನ್ ಹಾಕಿಕೊಂಡು ಕೇಳಿದೆ.

"ಎಲ್ಲಾರಿಗೂ ನಮಸ್ಕಾರ್ರೀ. ಅರವತ್ತೆಂಟನೇ ಪ್ರಶ್ನಿ ಪಟ್ಟಿವಳಗ ಬಿಟ್ಟೈತ್ರಿ. ಅದರ ಕೀ ತಪ್ಪೈತಿ. ಬೆಣ್ಣೆಹಳ್ಳ ವರದಾಕ್ಕ ಹೋಗಂಗಿಲ್ರಿ, ಮಲಪ್ರಭಾಕ್ಕ ಕೂಡತೈತಿ. ನನ್ನ ತವರಮನಿ ಅಲ್ಲೇ ಐತ್ರಿ. ಹೊಳಿ ತುಂಬಿ ಬಂದ ವರ್ಷ ಹಳ್ಳದ ನೀರಿಗೆ ಮುಂದ ಹೋಗಾಕ ಜಾಗಾ ಸಿಗದ, ಹೊಳ್ಳಿ ನಮ್ಮ ಓಣ್ಯಾಗ ಬಂತ್ರಿ. ನಮ್ಮ ಎಮ್ಮಿ ಈಜಿಕೋತ ಹೋಗಿ ಗುಡಿ ಕಟ್ಟಿ ಹತ್ತಿ ನಿಂತಿತ್ತು. ಸಿದ್ದು ಸರ್ ಇದೊಂದು ಪಟ್ಟಿವಳಗ ಸೇರಸ್ರಿ."

ಬಳಗದಲ್ಲಿ ಅವಳೂ ನನ್ನನ್ನು ಸರ್ ಎನ್ನುತ್ತಿದ್ದಳು. ಹಾಗೆ ಅನ್ನು ಎಂದು ನಾನು ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ನಾನು ಎದ್ದು ಮೆಟ್ಟಿಲಿಗೆ ಹೋಗಿ, ಅಕ್ಕಾ, ಖರೇನಾ ಎಂದು ಕೇಳಬಹುದಿತ್ತು. ಆರು ಹೆಜ್ಜೆ. ಅಷ್ಟರಲ್ಲಿ ಬಳಗದಲ್ಲಿ ಯಾರೋ ಬರೆದರು: "ಸಿದ್ದು ಸರ್‌ಗೇ ತಿದ್ದೋರು ಬಂದ್ರಲ್ಲಪ್ಪೋ." ಕೆಳಗೆ ನಾಲ್ಕೈದು ನಗುವ ಮುಖ. ನನಗೆ ಕಿವಿ ಬಿಸಿಯಾಯಿತು.

ನಾನು ಬರೆದೆ: "ಅಕ್ಕಾರ, ಮಂಡಳಿಯವರು ಪುರಾವೆ ಕೇಳ್ಯಾರ. ನಿಮ್ಮ ಎಮ್ಮಿ ಈಜಿದ್ದಕ್ಕ ಪುಟ ಸಂಖ್ಯೆ ಐತೇನು?"

ಬಳಗ ಎದ್ದು ಕುಣಿಯಿತು. ಮೂವತ್ತೊಂದನೇ ಸೀಟಿನ ಅಪ್ಪಾಸಾಹೇಬ ಕುರ್ಚಿಯಲ್ಲೇ ಕಿಸಕ್ಕನೆ ನಕ್ಕದ್ದು ನನಗೆ ಕೇಳಿಸಿತು. ಬೆಳಗಾವಿ ಕಡೆಯವನು, ಬಳಗದ ಇನ್ನೊಬ್ಬ ಅಡ್ಮಿನ್. ದಾನಕ್ಕ ವಾಪಸು ಬಂದು ಕೂತಳು. ಹಲಗೆಯ ಆ ಕಡೆ ಅವಳು ಒಂದೊಂದೇ ಅಕ್ಷರ ಒತ್ತುತ್ತಿದ್ದಳು.

"ಎಮ್ಮಿ ಮಾತು ಬಿಡ್ರಿ. ನಾ ಕಣ್ಣಾರೆ ಕಂಡೀನಿ. ನಿಮ್ಮ ಗೈಡ್ ಬರೆದವರು ಆ ಹಳ್ಳ ನೋಡ್ಯಾರೇನ್ರಿ?"

ಒಳ್ಳೆಯ ಪ್ರಶ್ನೆ. ಉತ್ತರ ನನ್ನ ಬಳಿ ಇರಲಿಲ್ಲ. ಉತ್ತರ ಇಲ್ಲದಾಗ ನಾನು ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ.

"ಹಳ್ಳ ಹಿತ್ತಲದಾಗ ಹರಿದ್ರ ಯಾರೂ ಭೂಗೋಳದ ಪ್ರೊಫೆಸರ್ ಆಗಂಗಿಲ್ಲ. ಕಾಲೇಜಿನಾಗ ಟೆಸ್ಟ್ ಟ್ಯೂಬ್ ತೊಳಿಯೂದು ಬ್ಯಾರೆ, ಓದೂದು ಬ್ಯಾರೆ."

ಅವಳು ಏನು ಕೆಲಸ ಮಾಡುತ್ತಾಳೆಂದು ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ಇದ್ದೇನೆ ಎಂದಷ್ಟೇ ಹೇಳಿಕೊಂಡಿದ್ದಳು. ತೊಳೆಯುವ ವಿಷಯವನ್ನು ಟೆರೇಸಿನಲ್ಲಿ, ಆಸಿಡ್ ತಾಗಿ ಬೆಳ್ಳಗಾದ ಬೆರಳು ತೋರಿಸಿ, ನನಗೆ ಹೇಳಿದ್ದಳು.

ಹಲಗೆಯ ಆ ಕಡೆ ಅವಳ ಫೋನು ಮೇಜಿನ ಮೇಲೆ ಗುರ್ರೆಂದಿತು. ಅದು ನನ್ನ ಸಂದೇಶ. ಅದರ ಹಿಂದೆ ಉಳಿದವರದು ಬಂದವು. ಫೋನು ಗುರ್ರ್ ಗುರ್ರ್ ಎಂದು ಅಲುಗುತ್ತಲೇ ಇತ್ತು, ಹಲಗೆಯೂ ಅದರ ಜೊತೆ ನಡುಗುತ್ತಿತ್ತು. ಅವಳು ಅದರ ಮೇಲೆ ಕೈ ಇಟ್ಟಿರಬೇಕು. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ನನ್ನ ಪರದೆಯ ಮೇಲೆ ಒಂದು ಸಾಲು ಬಂತು. ದಾನವ್ವ ಬಳಗ ತೊರೆದಿದ್ದಾರೆ.

ಅವತ್ತು ಅವಳು ಏಳೂವರೆಯವರೆಗೂ ಓದಿದಳು. ನಾನೂ ಓದಿದೆ. ಇಬ್ಬರೂ ಮಾತಾಡಲಿಲ್ಲ. ಮಾತಾಡುವಂತಿಲ್ಲವಲ್ಲ ಅಲ್ಲಿ.

ಶನಿವಾರ ಲ್ಯಾಬು ಅರ್ಧ ದಿನ. ಎರಡು ಗಂಟೆಗೇ ಬಂದಳು. ಟೆರೇಸಿಗೆ ಬಾ ಎಂದು ಕೈಯಲ್ಲಿ ಸನ್ನೆ ಮಾಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ತಿರುಗಿ ಬೈಯಲು ಮಾತು ಹೊಂದಿಸಿಕೊಂಡೇ ಮೆಟ್ಟಿಲು ಹತ್ತಿದೆ. ಅವಳು ಡಬ್ಬಿ ಬಿಚ್ಚಿ ನನ್ನ ಮುಂದೆ ಸರಿಸಿದಳು.

"ಉಣ್ಣು."

"ಹಸಿವಿಲ್ಲಕ್ಕಾ."

"ಉಣ್ಣೋ. ಗುಂಪಿನ ಸಿಟ್ಟು ರೊಟ್ಟಿ ಮ್ಯಾಲ ಯಾಕ?" ಎಂದಳು. ಆಮೇಲೆ, ನನ್ನ ಮುಖ ನೋಡದೆ, "ಟೆಸ್ಟ್ ಟ್ಯೂಬಿನ ಮಾತು ಬ್ಯಾಡಾಗಿತ್ತು ತಮ್ಮಾ" ಎಂದಳು.

ನಾನು ರೊಟ್ಟಿ ಮುರಿದೆ. ತಪ್ಪಾಯಿತು ಎನ್ನಲಿಲ್ಲ. ಚರ್ಚೆ ಅಂದರೆ ಹಾಗೇ, ಎಲ್ಲರಿಗೂ ಹಾಗೇ ಮಾಡುತ್ತೇನೆ, ನಿನಗೊಬ್ಬಳಿಗೆ ಅಲ್ಲ ಎಂದು ಏನೋ ಅಂದೆ.

"ಆತು ಬಿಡು. ನಂಗೊಂದು ಕೆಲಸ ಆಗಬೇಕು. ನಿಮ್ಮ ಹಾಸ್ಟೆಲ್ ಲೈಬ್ರರ್ಯಾಗ ಹಳೇ ಗೆಜೆಟಿಯರ್ ಅದಾವ ಅಂದಿದ್ದೆಲ್ಲ. ಧಾರವಾಡ ಜಿಲ್ಲಾದ್ದು ಐತೇನ ನೋಡು. ಆವಾಗ ನಮ್ಮ ರೋಣ ಧಾರವಾಡದಾಗ ಇತ್ತು. ಬೆಣ್ಣೆಹಳ್ಳದ್ದು ಅದರಾಗ ಇರಾಕಬೇಕು. ಇತ್ತಂದ್ರ ಎರಡು ಫೋಟೋ ಹೊಡದು ಕಳಸು. ನಾ ಒಬ್ಬಾಕೇ ಆಕ್ಷೇಪಣಿ ಹಾಕತೀನಿ. ಗುಂಪಿನಾಗ ನೀ ಏನೂ ಹೇಳೂದು ಬ್ಯಾಡ."

"ನೋಡ್ತೀನಿ" ಎಂದೆ.

"ನೆಪ್ಪಿಲೆ ನೋಡು. ಒಂದು ಮಾರ್ಕು ಅಂದ್ರ ಒಂದು ಮನಿ ನನಗ." ಡಬ್ಬಿ ಮುಚ್ಚುತ್ತಾ ನಕ್ಕಳು. "ಒಗಿಯೂ ಕಲ್ಲಿನ ಮನಿ."

ಹಾಸ್ಟೆಲಿನ ಲೈಬ್ರರಿ ಎಂದರೆ ಒಂದು ಹಾಲು, ಗೋಡೆಗೆ ಆರು ಬೀರು, ನಡುವೆ ಕೇರಂ ಬೋರ್ಡು. ಅದಕ್ಕೇ ಅಲ್ಲಿ ಯಾರೂ ಓದುವುದಿಲ್ಲ. ಬೀರುಗಳ ಕೀಲಿ ವಾರ್ಡನ್ ಫಕೀರಪ್ಪನ ಸೊಂಟದಲ್ಲಿ. ಸಂಜೆ ಐದರಿಂದ ಏಳರವರೆಗೆ ತೆಗೆಯುತ್ತಿದ್ದ. ಗೆಜೆಟಿಯರ್ ಅಂದಾಗ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಐದನೇ ಬೀರು, ಕೆಳಗಿನ ಸಾಲು. ಧೂಳ ಐತಿ, ಮೂಗಿಗೆ ಅರಿವಿ ಕಟ್ಕೊ. ಅವನ್ನ ಕೇಳಿದಾವ ನೀನ ಮೊದಲನ್ಯಾಂವ ನೋಡು."

ಸರ್ಕಾರವೇ ಹೊರತಂದ ಧಾರವಾಡ ಜಿಲ್ಲೆಯ ಸಂಪುಟ ಇತ್ತು. ಕಪ್ಪು ರಟ್ಟು, ಬೆನ್ನು ಹರಿದಿತ್ತು. ನದಿಗಳ ಭಾಗ ತೆಗೆದೆ. ಇಪ್ಪತ್ತನಾಲ್ಕನೇ ಪುಟ, ಮೇಲಿಂದ ಎರಡನೇ ಪ್ಯಾರಾ. ಹಳ್ಳ ಎಲ್ಲಿ ಹುಟ್ಟುತ್ತದೆ, ಯಾವ ಊರುಗಳ ಪಕ್ಕ ಹರಿಯುತ್ತದೆ, ರೋಣ ತಾಲೂಕಿನಲ್ಲಿ ಎಲ್ಲಿ ಮಲಪ್ರಭೆಯನ್ನು ಸೇರುತ್ತದೆ, ಎಲ್ಲ ಇತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹಳ್ಳದ ನೀರು ಹಿಂದಕ್ಕೆ ಒತ್ತಿ ಸುತ್ತಲಿನ ಎರೆಹೊಲಗಳನ್ನು ಮುಳುಗಿಸುತ್ತದೆ ಎಂದೂ ಇತ್ತು. ಎಮ್ಮೆ ಒಂದಿರಲಿಲ್ಲ, ಅಷ್ಟೇ.

ಮುಖಪುಟದ ಫೋಟೋ ತೆಗೆದೆ. ಇಪ್ಪತ್ತನಾಲ್ಕನೇ ಪುಟದ ಫೋಟೋ ತೆಗೆದೆ. ಅವಳಿಗೆ ಕಳಿಸಲೆಂದೇ ತೆಗೆದೆ. ಇದನ್ನು ಹೇಳುವುದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಆದರೆ ಹಾಗೆ ನಡೆಯಿತು.

ಕಳಿಸುವ ಮೊದಲು ಬಳಗ ತೆರೆದು ನೋಡಿದೆ. ಅಪ್ಪಾಸಾಹೇಬ ಒಂದು ಸ್ಟಿಕ್ಕರ್ ಮಾಡಿದ್ದ. ಕನ್ನಡಕ ಹಾಕಿದ ಎಮ್ಮೆ, ಕೊಂಬಿಗೆ ಟೆಸ್ಟ್ ಟ್ಯೂಬು, ಕೆಳಗೆ ಪ್ರೊ. ಹಳ್ಳದ ಅಕ್ಕ ಎಂಬ ಬರಹ. ನಿನ್ನೆಯಿಂದ ಅದು ನೂರಾರು ಸಲ ಬಂದಿತ್ತು. ಯಾರು ಏನು ತಪ್ಪು ಹೇಳಿದರೂ ಎಮ್ಮೆ. ಒಬ್ಬ ಬರೆದಿದ್ದ: "ಸಿದ್ದು ಸರ್ ಇರೋವರೆಗೂ ಬಳಗದಾಗ ಬುರುಡಿ ನಡಿಯಂಗಿಲ್ಲ."

ಅವಳು ಆಕ್ಷೇಪಣೆ ಹಾಕಿದರೆ, ಈ ಪುಟ ಇದ್ದರೆ, ಮಂಡಳಿ ಒಪ್ಪಿಕೊಳ್ಳುತ್ತದೆ. ಪರಿಷ್ಕೃತ ಕೀ ಬರುತ್ತದೆ. ಅದರಲ್ಲಿ ಅರವತ್ತೆಂಟು, ಮಲಪ್ರಭಾ ಎಂದಿರುತ್ತದೆ. ಎರಡು ಸಾವಿರದ ಮುನ್ನೂರು ಜನ ಅದನ್ನು ನೋಡುತ್ತಾರೆ. ಆಗ ಆ ಎಮ್ಮೆ ಯಾರ ಮುಖಕ್ಕೆ ಬರುತ್ತದೆಂದು ನನಗೆ ಗೊತ್ತಿತ್ತು. ನಾನು ಲೆಕ್ಕ ಹಾಕಿದ್ದು ಇಷ್ಟೇ. ನನ್ನ ಒಂದು ಅಂಕ ಹೋಗುತ್ತದೆಂಬುದು ಆ ಹೊತ್ತಿಗೆ ತಲೆಗೇ ಬರಲಿಲ್ಲ.

'68ರಲ್ಲಿ ನಾನು ತಪ್ಪು' ಎಂದು ಟೈಪು ಮಾಡಿದೆ. ಅಳಿಸಿದೆ.

ಆಗ ಅವಳ ಫೋನು ಬಂತು.

"ಸಿಕ್ತೇನಪಾ?"

ಪುಸ್ತಕ ನನ್ನ ಎಡಗೈಯ ಕೆಳಗಿತ್ತು. ಕೇರಂ ಆಡುವವರು ಗದ್ದಲ ಮಾಡುತ್ತಿದ್ದರು.

"ಇಲ್ಲಕ್ಕಾ. ಬ್ಯಾರೆ ಜಿಲ್ಲಾದ್ದು ಎಲ್ಲಾ ಅದಾವ. ಅದೊಂದ ಇಲ್ಲ. ಯಾರೋ ಒಯ್ದಾರ."

"ಛಲೋತ್ನಂಗ ನೋಡಿದೇನು?"

"ಆರೂ ಬೀರು ನೋಡೇನಿ."

"ಇರ್ಲಿ ಬಿಡು. ಪಾಪ, ಧೂಳದಾಗ ಹುಡುಕ್ಯಾಡಿದಿ" ಎಂದಳು.

ಭಾನುವಾರ ಬೆಂಗಳೂರಿನ ಲೈಬ್ರರಿಗಳಲ್ಲೆಲ್ಲ ಹುಡುಕುತ್ತೇನೆಂದು ಹೊರಟು ಎರಡು ಕಡೆ ಬಾಗಿಲು ಹಾಕಿದ್ದನ್ನು ನೋಡಿ ಬಂದಳಂತೆ. ಮೂರನೆಯ ಕಡೆ ಗೆಜೆಟಿಯರ್ ಎಂದರೆ ಏನೆಂದು ಅವರಿಗೇ ಗೊತ್ತಿರಲಿಲ್ಲ. ಸೋಮವಾರ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ರಜೆ ಕೇಳಿದರೆ ಗುತ್ತಿಗೆಯವರು ಬೇರೆಯವರನ್ನು ಹಾಕುತ್ತಿದ್ದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಂಟರ್ನೆಟ್ಟಿನ ಒಂದು ಪ್ರಿಂಟನ್ನೇ ಲಗತ್ತಿಸಿ ಆಕ್ಷೇಪಣೆ ಹಾಕಿದಳು. ಸೋಮವಾರ ಐದೂ ಇಪ್ಪತ್ತಕ್ಕೆ ನಾನು ಹದಿನೈದನೇ ಗೂಡಿನಲ್ಲಿ ಕೂತು ಫೋನಿನಲ್ಲಿದ್ದ ಆ ಫೋಟೋ ತೆರೆದು ನೋಡಿದೆ. ಆಗಲೂ ಕಳಿಸಬಹುದಿತ್ತು. ಐದೂವರೆಯಾಯಿತು. ಫೋನು ಮಗುಚಿ ಇಟ್ಟೆ.

ತಿಂಗಳ ಮೇಲೆ ಪರಿಷ್ಕೃತ ಕೀ ಬಂತು. ಅರವತ್ತೆಂಟಕ್ಕೆ ಮೂರು ಆಕ್ಷೇಪಣೆ ಬಂದಿದ್ದವು. ಮೂರಕ್ಕೂ ಒಂದೇ ಷರಾ: ಅಧಿಕೃತ ಆಕರವಿಲ್ಲ, ತಿರಸ್ಕೃತ. ಅಪ್ಪಾಸಾಹೇಬ ಅದನ್ನು ಕತ್ತರಿಸಿ ಬಳಗದಲ್ಲಿ ಹಾಕಿ ಪಕ್ಕದಲ್ಲಿ ಎಮ್ಮೆ ಅಂಟಿಸಿದ. ನಾನೂ ಒಂದು ಕೈ ಮುಗಿಯುವ ಚಿತ್ರ ಹಾಕಿದೆ.

ಇನ್ನು ನಾಲ್ಕು ತಿಂಗಳಿಗೆ ಆಯ್ಕೆ ಪಟ್ಟಿ ಬಂತು. ದಾನಕ್ಕನ ವರ್ಗದಲ್ಲಿ ಕೊನೆಯವರ ಅಂಕ ಎಪ್ಪತ್ತೆರಡೂವರೆ. ಅವಳದು ಎಪ್ಪತ್ತೊಂದೂಮುಕ್ಕಾಲು. ಕಮ್ಮಿ ಬಿದ್ದದ್ದು ಮುಕ್ಕಾಲು ಅಂಕ. ಅರವತ್ತೆಂಟರ ಕೀ ತಿದ್ದಿದ್ದರೆ ಒಂದು ಅಂಕ ಸೇರಿ, ತಪ್ಪಿಗೆ ಕಳೆದಿದ್ದ ಕಾಲು ಅಂಕವೂ ವಾಪಸು ಬರುತ್ತಿತ್ತು.

ನನ್ನದನ್ನೂ ಹೇಳಿಬಿಡುತ್ತೇನೆ. ಅರವತ್ತೊಂದು. ನನ್ನ ವರ್ಗದ ಕೊನೆಯವನಿಗಿಂತ ಹನ್ನೆರಡು ಕಮ್ಮಿ. ಆ ಪ್ರಶ್ನೆ ಆ ಕಡೆ ಆದರೂ ಈ ಕಡೆ ಆದರೂ ನನಗೆ ಏನೂ ಆಗುತ್ತಿರಲಿಲ್ಲ. ಬಳಗದಲ್ಲಿ "ಸಿದ್ದು ಸರ್ ಯಾವ ಜಿಲ್ಲೆಗೆ ಪೋಸ್ಟಿಂಗ್?" ಎಂದು ಕೇಳಿದರು. ಮನೆಯ ಕಾರಣದಿಂದ ಸರಿಯಾಗಿ ಬರೆದಿರಲಿಲ್ಲ ಎಂದೆ. "ಮುಂದಿನ ಸಲ ರಾಜ್ಯಕ್ಕೇ ಮೊದಲು ಸರ್" ಎಂದರು.

ಪಟ್ಟಿ ಬಂದ ಮೂರನೇ ದಿನ ದಾನಕ್ಕ ಗೂಡು ಖಾಲಿ ಮಾಡಲು ಬಂದಳು. ಮಹೇಂದ್ರಣ್ಣ ಬಾಗಿಲಲ್ಲೇ ಇದ್ದ.

"ಯಾಕಕ್ಕಾ, ಮುಂದಿನ್ ಎಕ್ಸಾಮ್ ಕಟ್ಟಲ್ವಾ?"

"ವಯಸ್ಸು ಮುಗೀತು ಮಹೇಂದ್ರಣ್ಣ."

"ಏನ್ ವಯಸ್ಸು ಬಿಡಕ್ಕಾ. ನಮ್ಮವ್ವ ಎಪ್ಪತ್ತಕ್ಕೆ ಮೊಬೈಲ್ ಕಲ್ತವ್ಳೆ, ದಿನಾ ನಂಗೇ ಗುಡ್ ಮಾರ್ನಿಂಗ್ ಕಳಿಸ್ತವ್ಳೆ."

ದಾನಕ್ಕ ನಕ್ಕಳು. ಎರಡು ವರ್ಷದ ನೋಟ್ಸನ್ನು ಒಂದು ಚೀಲಕ್ಕೆ ತುಂಬಿದಳು. ಹಲಗೆಯ ಮೇಲೆ ಅಂಟಿಸಿದ್ದ ಕರ್ನಾಟಕದ ನಕಾಶೆಯನ್ನು ಮೂಲೆ ಹರಿಯದಂತೆ ಬಿಡಿಸಿ ಮಡಚಿದಳು. ಆಗ ಮಗಳ ಫೋನು ಬಂತು. ಮೆಟ್ಟಿಲಿಗೆ ಹೋದಳು. ಚೀಲ ಭಾರವಿತ್ತು, ಎತ್ತಿಕೊಂಡು ನಾನೂ ಹಿಂದೆ ಹೋದೆ. ಕೆಳಗಿನ ತಿರುವಿನಲ್ಲಿ ಗೋಡೆಗೆ ಒರಗಿ ನಿಂತು ಮಾತಾಡುತ್ತಿದ್ದಳು.

"ಹೂಂ ಕೀರ್ತಿ... ಇಲ್ಲವಾ. ಆಗಲಿಲ್ಲ... ಮುಕ್ಕಾಲ ಮಾರ್ಕು... ಚಿಕ್ಕಬಾಣಾವರದ ಮನಿ ಬ್ಯಾರೇದವರಿಗೆ ಕೊಟ್ಟಾರಂತ. ನೀ ಅಲ್ಲೇ ಒಂಬತ್ತನೇದು ಓದು, ಅಜ್ಜಿಗೂ ಆಸರ ಆಗತೈತಿ..." ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಹೌದವಾ, ನಮ್ಮ ಹಳ್ಳದ್ದ ಪ್ರಶ್ನಿ. ನಮ್ಮ ಹಳ್ಳದ್ದ ತಪ್ಪು ಮಾಡೀನಿ ನೋಡು. ನಿಮ್ಮಜ್ಜಿ ಮುಂದ ಹೇಳಬ್ಯಾಡ, ನಗತಾಳ... ಇಲ್ಲವಾ, ನಿಮ್ಮ ಸರ್ ಏನರ ಅನ್ನಲಿ. ಪುಸ್ತಕದಾಗ ಬ್ಯಾರೆ ಐತಂತ. ಓದಿದವರ ಅಂದಾರ. ನಾವು ಊರ ಮುಂದಿಂದಷ್ಟ ನೋಡೀವಿ. ಮುಂದ ಅದು ಎಲ್ಲಿಗೆ ಹೋಗತೈತೋ ನಮಗೇನು ಗೊತ್ತು."

ಫೋನಿಟ್ಟು ಕಣ್ಣೊರೆಸಿಕೊಂಡಳು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತದ್ದನ್ನು ಆಮೇಲೆ ನೋಡಿದಳು.

"ಬಸ್‌ಸ್ಟಾಪಿನ ತನಕ ಚೀಲ ಹಿಡೀತೇನು?"

ಹಿಡಿದೆ. ಮತ್ತಿಕೆರೆಯ ಆ ರಸ್ತೆಯಲ್ಲಿ ಕಾಲೇಜು ಬಿಟ್ಟ ಹುಡುಗರು ತುಂಬಿದ್ದರು. ಅವಳ ಲ್ಯಾಬಿನ ಹುಡುಗಿಯೊಬ್ಬಳು ಹಾಯ್ ಆಂಟಿ ಎಂದು ಕೈ ಬೀಸಿದಳು. ಇವಳೂ ಬೀಸಿದಳು. ಸ್ಟಾಪು ಇನ್ನು ನೂರು ಹೆಜ್ಜೆ ಇರುವಾಗ ನಾನು ನಿಂತೆ.

"ಅಕ್ಕಾ, ಆ ಪುಸ್ತಕ ಸಿಕ್ಕಿತ್ತು."

"ಯಾವ ಪುಸ್ತಕ?"

"ಗೆಜೆಟಿಯರ್. ಹಾಸ್ಟೆಲಿನಾಗ ಇತ್ತು."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ನನಗೆ ಈಗ ಸಿಕ್ಕಿದೆ ಎಂದುಕೊಂಡಳು. "ಈಗ ಸಿಕ್ಕು ಏನು ಮಾಡೂದೋ" ಎಂದಳು. ಆಮೇಲೆ ನನ್ನ ಮುಖ ನೋಡಿದಳು.

"ಯಾವಾಗ ಸಿಕ್ಕಿತ್ತು?"

"ಆ ಶನಿವಾರ. ಸಂಜೀಕ."

"ನಾ ಫೋನ್ ಮಾಡಿದಾಗ?"

"ಕೈಯಾಗ ಇತ್ತು."

ಅವಳು ಕಿರುಚುತ್ತಾಳೆ, ಕೆನ್ನೆಗೆ ಹೊಡೆಯುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಬೇರೆ.

"ಏನಂತ ಬರದಾರ ಅದರಾಗ?"

"ಮಲಪ್ರಭಾಕ್ಕ ಕೂಡತೈತಿ ಅಂತ. ಇಪ್ಪತ್ತನಾಲ್ಕನೇ ಪುಟ. ಹೊಳಿ ತುಂಬಿದ್ರ ನೀರು ಹಿಂದಕ್ಕ ಬರತಾವ ಅಂತನೂ ಐತಿ."

"ಐತಲ್ಲ?"

"ಐತಕ್ಕಾ."

ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟಳು. ಒಂದು ಬಸ್ಸು ಬಂದು ಹೋಯಿತು.

"ಯಾಕ ತಮ್ಮಾ?"

"ಎಲ್ಲಾರೂ ನೋಡ್ತಿದ್ರು. ಬಳಗದಾಗ ಅಷ್ಟೂ ಮಂದಿ..."

"ಯಾರವರು?" ದನಿ ಏರಲಿಲ್ಲ. ಖರೇನೇ ಗೊತ್ತಿಲ್ಲದೆ ಕೇಳುವವಳಂತೆ ಕೇಳಿದಳು. "ನಾಕು ಮಂದಿ ಹೆಸರು ಹೇಳು ನೋಡೂಣು."

ಅಪ್ಪಾಸಾಹೇಬ ಎಂದೆ. ಎರಡನೇ ಹೆಸರು ಹುಡುಕಿದೆ. ಕಿಂಗ್ ಕಲ್ಯಾಣ, ಮಿಷನ್ ಕೆಎಎಸ್, ಹುಲಿ 007. ಅವ್ಯಾವೂ ಹೆಸರುಗಳಾಗಿರಲಿಲ್ಲ.

"ಫೋಟೋ ಕಳಸು" ಎಂದಳು.

ಅಲ್ಲೇ ನಿಂತು ಕಳಿಸಿದೆ. ಅವಳ ಫೋನು ಗುರ್ರೆಂದಿತು. ಬೆಳ್ಳಗಾದ ಎರಡು ಬೆರಳಿನಿಂದ ಪುಟವನ್ನು ದೊಡ್ಡದು ಮಾಡಿ, ತುಟಿ ಆಡಿಸುತ್ತಾ ಓದಿದಳು. ಕೊನೆಯ ಸಾಲಿನವರೆಗೂ ಓದಿದಳು. ಆ ಹೊತ್ತಿಗೆ ಅವಳ ಮುಖದಲ್ಲಿ ಒಂದು ನಗು ಬಂದುಹೋಯಿತು. ನನಗಾಗಿ ಅಲ್ಲ. ಊರು ಕಂಡವರ ಮುಖದ ನಗು. ಆಮೇಲೆ ಫೋನು ಪರ್ಸಿಗೆ ಹಾಕಿ, ಎದ್ದು, ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ನಾನು ಬಿಡಲಿಲ್ಲ, ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಅಕ್ಕಾ..."

"ಹಂಗ ಕರೀಬ್ಯಾಡ್ರಿ ಇನ್ನ" ಎಂದಳು.

ಎರಡು ವರ್ಷದಲ್ಲಿ ಅವಳು ನನಗೆ ಬಹುವಚನ ಬಳಸಿದ್ದು ಬಳಗದೊಳಗೆ ಮಾತ್ರ. ಮುಂದಿನ ಬಸ್ಸಿಗೆ ಹತ್ತಿ ಹೋದಳು.

ಆ ಸಂಜೆ ನಾನು ಬಳಗದಲ್ಲಿ ಎರಡೂ ಫೋಟೋ ಹಾಕಿದೆ. ಅರವತ್ತೆಂಟರಲ್ಲಿ ನಾನು ತಪ್ಪು, ದಾನವ್ವ ಸರಿ, ಪುಸ್ತಕ ಅವತ್ತೇ ನನ್ನ ಕೈಯಲ್ಲಿತ್ತು, ಮುಚ್ಚಿಟ್ಟೆ ಎಂದು ಬರೆದೆ. ಬೈಗುಳ ಬರಲಿ ಎಂದು ಕಾದೆ. ಬಂದದ್ದು ಚಪ್ಪಾಳೆ. "ತಪ್ಪು ಒಪ್ಕೊಳ್ಳಾಕ ಗುಂಡಿಗಿ ಬೇಕು ಸರ್." "ಇದಕ್ಕ ಅನ್ನೂದು ದೊಡ್ಡ ಮನಸ್ಸು ಅಂತ." ಅಪ್ಪಾಸಾಹೇಬ ಹೃದಯದ ಚಿತ್ರ ಹಾಕಿದ. ಕೆಂಪು ಹೃದಯಗಳು ಮುನ್ನೂರು ದಾಟಿದವು. ಮುಚ್ಚಿಟ್ಟೆ ಎಂಬ ಪದವನ್ನು ಯಾರೂ ಓದಿದಂತಿರಲಿಲ್ಲ. ಒಬ್ಬ ಕೇಳಿದ: "ಸರ್, ಮುಂದಿನ ಪರೀಕ್ಷೆ ಕೀ ಬಂದೈತಿ. ಪಟ್ಟಿ ಯಾವಾಗ ಹಾಕ್ತೀರಿ?"

ಬಳಗದಿಂದ ಹೊರಗೆ ಬಂದೆ. ಎಲ್ಲರೆದುರು ಒಪ್ಪಿಕೊಂಡಿದ್ದೇನೆ ಎಂದು ದಾನಕ್ಕನಿಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ಬರೆದೆ. ಅವಳ ಹೆಸರಿನ ಪಕ್ಕ, ಶಾಲೆಯ ಸಮವಸ್ತ್ರದಲ್ಲಿ ಎರಡು ಜಡೆಯ ಕೀರ್ತಿ ನಿಂತ ಚಿತ್ರವಿರುತ್ತಿತ್ತು. ಈಗ ಅಲ್ಲಿ ಬೂದು ಬಣ್ಣದ ಖಾಲಿ ವೃತ್ತ. ಆದರೂ ಕಳಿಸಿದೆ. ಸಂದೇಶದ ಕೆಳಗೆ ಒಂದೇ ಗೀಟು ಬಂತು; ತಲುಪಿದ್ದರೆ ಎರಡು ಬರಬೇಕಿತ್ತು.

ಹದಿನಾಲ್ಕನೇ ಗೂಡಿಗೆ ಕೊಪ್ಪಳದ ಹುಡುಗನೊಬ್ಬ ಬಂದಿದ್ದಾನೆ. ನಕಾಶೆ ಅಂಟಿಸಿದ್ದ ಜಾಗದಲ್ಲಿ ಪ್ಲೈವುಡ್ಡಿನ ಬಣ್ಣ ಬೇರೆಯಾಗಿ ಉಳಿದಿದೆ. ನಾನು ಈಗಲೂ ಅದೇ ಹದಿನೈದರಲ್ಲಿ ಕೂರುತ್ತೇನೆ. ಅವಳು ಅದೇ ಕಾಲೇಜಿನಲ್ಲಿ ಟೆಸ್ಟ್ ಟ್ಯೂಬ್ ತೊಳೆಯುತ್ತಾಳೆ. ಸಂಜೆ ನಾಲ್ಕೂವರೆಗೆ ಆ ಗೇಟಿನ ಮುಂದೆ ಎರಡು ಸಲ ನಿಂತಿದ್ದೆ. ಎರಡು ಸಲವೂ ಅವಳು ರಸ್ತೆಯ ಆ ಬದಿಗೆ ದಾಟಿ ಹೋದಳು.

ಸಂದೇಶಕ್ಕೆ ಇವತ್ತಿಗೂ ಒಂದೇ ಗೀಟು.